ಬಿಳಿ ಕುಲಾವಿ

ಫಂಕ್ಷನ್ ಹಾಲ್ ಕಟ್ಟಿಸುವವರಿಗೆ ಕಿಟಕಿ ಕಂಡರೆ ಅದೇನು ಸಿಟ್ಟೋ ದೇವರೇ ಬಲ್ಲ. ಬೆಳಗಿನ ಹನ್ನೊಂದು ಗಂಟೆ, ಹೊರಗೆ ದಿಲ್‌ಸುಖ್‌ನಗರದ ರಸ್ತೆಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕಾಲಿಟ್ಟರೆ ದೀಪವೇ ಗತಿ. ಸುವರ್ಣಾ ಕ್ಯಾಮೆರಾ ಚೀಲ ಇಳಿಸಿ ಮೊದಲು ತಲೆ ಎತ್ತಿ ಆ ದೀಪಗಳನ್ನು ನೋಡಿದಳು. ಎಲ್ಲವೂ ಹಳದಿ. ಅಲಂಕಾರದವನು ವೇದಿಕೆಯ ಹಿಂದೆ ನೂರಾರು ಹಳದಿ ಬಲ್ಬು ಇಳಿಬಿಟ್ಟು, ಅದೂ ಸಾಲದೆಂದು ತೊಟ್ಟಿಲಿಗೆ ಚೆಂಡುಹೂವಿನ ಮಾಲೆ ಸುತ್ತಿದ್ದ. “ವಾರ್ಮ್ ಲೈಟ್ ಅಕ್ಕಾ, ಇಪ್ಪುಡು ಇದೇ ಟ್ರೆಂಡು,” ಎಂದು ತನ್ನ ತೆಲುಗಿನಲ್ಲಿ ಹೆಮ್ಮೆಪಟ್ಟ. ಸುವರ್ಣಾ ಹೂಂಗುಟ್ಟಿದಳು.

ಫೋಟೋ ತೆಗೆಯುವವರಿಗೆ ಈ ಟ್ರೆಂಡು ದೊಡ್ಡ ತಲೆನೋವು. ಫ್ಲಾಶಿನ ಬೆಳಕು ಹಗಲಿನಂತೆ ಬಿಳಿ, ಬಲ್ಬಿನ ಬೆಳಕು ಹಳದಿ. ಎರಡನ್ನೂ ಅವುಗಳ ಪಾಡಿಗೆ ಬಿಟ್ಟರೆ ಮುಂದೆ ನಿಂತವರ ಮುಖ ಬಿಳಿಚಿಕೊಂಡು, ಹಿಂದಿನ ಗೋಡೆ ಕಿತ್ತಳೆಯಾಗಿ, ಜನರನ್ನು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಅದಕ್ಕೇ ಸುವರ್ಣಾ ಫ್ಲಾಶಿನ ಮೂತಿಗೆ ಕಿತ್ತಳೆ ಬಣ್ಣದ ತೆಳು ಹಾಳೆಯೊಂದನ್ನು ಕಟ್ಟುತ್ತಾಳೆ. ಕಸುಬಿನವರು ಅದನ್ನು ಜೆಲ್ ಅನ್ನುತ್ತಾರೆ. ಅದನ್ನು ಕಟ್ಟಿದರೆ ಫ್ಲಾಶೂ ಬಲ್ಬಿನ ಬಣ್ಣಕ್ಕೆ ಇಳಿಯುತ್ತದೆ. ಎರಡೂ ಒಂದಾದ ಮೇಲೆ ಒಂದು ಬಿಳಿ ವಸ್ತುವನ್ನು ಹಿಡಿದು ‘ಇದು ಬಿಳಿ’ ಎಂದು ಕ್ಯಾಮೆರಾಕ್ಕೆ ಹೇಳಿಕೊಟ್ಟರಾಯಿತು, ಹಳದಿಯೆಲ್ಲ ಒಟ್ಟಿಗೆ ತೊಲಗಿ ಮುಖಕ್ಕೆ ಮುಖದ ಬಣ್ಣ, ಸೀರೆಗೆ ಸೀರೆಯ ಬಣ್ಣ ಬರುತ್ತದೆ. ಬರಿಗಣ್ಣನ್ನು ಮಾತ್ರ ನಂಬುವಂತಿಲ್ಲ. ಹಳದಿ ಬೆಳಕಲ್ಲಿ ಅರ್ಧ ಗಂಟೆ ಕೂತರೆ ಸಾಕು, ಕಣ್ಣು ಅದನ್ನೇ ಬಿಳಿ ಎಂದು ಒಪ್ಪಿಕೊಂಡುಬಿಡುತ್ತದೆ.

ಇವತ್ತಿನ ಕಾರ್ಯ ಹೊರಗಿನ ಗಿರಾಕಿಯದಲ್ಲ, ಮನೆಯದೇ. ನಾದಿನಿ ನಿರೀಕ್ಷಾಳ ಚೊಚ್ಚಿಲ ಮಗನನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ. ಕೂಸಿಗೆ ಮೂವತ್ತಮೂರು ದಿನ ತುಂಬಿತ್ತು. ಹುಮನಾಬಾದ್ ಕಡೆಯಿಂದ ಎರಡು ತಲೆಮಾರಿನ ಹಿಂದೆ ಹೈದರಾಬಾದಿಗೆ ಬಂದ ಈ ಮನೆತನಕ್ಕೆ ಫೋಟೋ ಸ್ಟುಡಿಯೋನೇ ಅನ್ನ. ಈಗ ಅದನ್ನು ನಡೆಸುವವನು ಗಂಡ ವಿಜಯಕುಮಾರ; ಬಣ್ಣದ ಸೂಕ್ಷ್ಮ ಮಾತ್ರ ಅವನಿಗಿಂತ ಸುವರ್ಣಾಳಿಗೇ ಹೆಚ್ಚು ತಿಳಿಯುತ್ತಿತ್ತು. ಅದನ್ನು ಅವನೂ ಬಲ್ಲ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಒಂದೇ ಮನೆಯಲ್ಲಿದ್ದರೂ ಸುವರ್ಣಾ ಆ ಕೂಸಿನ ಮುಖವನ್ನು ಇನ್ನೂ ನೆಟ್ಟಗೆ ನೋಡಿರಲಿಲ್ಲ ಎಂದರೆ ನಂಬುತ್ತೀರಾ? ಮದುವೆಯಾಗಿ ಏಳು ವರ್ಷ, ಅವಳಿಗೆ ಮಕ್ಕಳಿಲ್ಲ. ಎರಡು ವರ್ಷದ ಹಿಂದೆ ಕೆಳಮನೆಯ ಗದಿಗೆಮ್ಮನ ಮೊಮ್ಮಗಳನ್ನು ನೋಡಿ, “ಎಷ್ಟ್ ಚಂದ ಅದಾಳ್ರಿ, ಗುಂಡಗುಂಡಗ,” ಎಂದಿದ್ದಳು. ಆ ವಾರವೇ ಮಗುವಿಗೆ ಡೆಂಗ್ಯೂ ಬಂತು. ಆ ತಿಂಗಳು ಹೈದರಾಬಾದಿನ ಗಲ್ಲಿಗಲ್ಲಿಯಲ್ಲೂ ಡೆಂಗ್ಯೂ ಇತ್ತು. ಅಲ್ಲೆಲ್ಲ ಸುವರ್ಣಾಳೇ ಖುದ್ದು ಹೋಗಿ ಕಣ್ಣು ಹಾಕಿ ಬಂದಿರಬೇಕು! ಆದರೆ ಅತ್ತೆ ಪಾರ್ವತಿಬಾಯಿಗೆ ಅಷ್ಟು ಸಾಕಾಯಿತು. ಹೆರಿಗೆಗೆ ತವರಿಗೆ ಬಂದ ನಿರೀಕ್ಷಾ ಉಪ್ಪಲ್‌ನ ಮನೆಯ ಹಿಂದಿನ ಕೋಣೆಯಲ್ಲಿ ಬಾಣಂತಿಯಾಗಿ ಮಲಗಿದ ದಿನದಿಂದ ಸುವರ್ಣಾಳಿಗೆ ಹೊಸ್ತಿಲೇ ಗಡಿ. ಊಟದ ತಾಟು ಬಾಗಿಲಲ್ಲಿ ಇಟ್ಟು ಬರಬೇಕು. ಗಾಳಿ ತಾಗಬಾರದೆಂದು ಆ ಕೋಣೆಯ ಕಿಟಕಿಗೆ ಪೇಪರ್ ಅಂಟಿಸಿ ಮೇಲೆ ಹಳೇ ಸೀರೆ ಕಟ್ಟಿದ್ದರು. ಒಳಗೆ ಹಗಲೂ ರಾತ್ರಿ ಒಂದು ಹಳದಿ ಬಲ್ಬು, ಲೋಬಾನದ ಹೊಗೆ. ಮೊದಲ ತಿಂಗಳ ತಪಾಸಣೆಗೂ ಕೂಸನ್ನು ಒಯ್ದಿರಲಿಲ್ಲ. ‘ನಲವತ್ತು ದಿನಾ ಕಳೀಲಿ’ ಎಂಬ ಪಾರ್ವತಿಬಾಯಿಯ ಮಾತಿಗೆ ಆ ಮನೆಯಲ್ಲಿ ಅಪೀಲು ಇರಲಿಲ್ಲ. ಹೆಸರಿಡುವ ಶಾಸ್ತ್ರಕ್ಕೆ ಒಂದು ದಿನ ಹಾಲ್‌ಗೆ ಒಯ್ಯಲು ಮಾತ್ರ ಆಕೆಯೇ ವಿನಾಯಿತಿ ಕೊಟ್ಟಿದ್ದಳು.

ಹೀಗಾಗಿ ಸುವರ್ಣಾ ಕೂಸನ್ನು ಮೊದಲು ಸರಿಯಾಗಿ ನೋಡಿದ್ದು ಕ್ಯಾಮೆರಾದ ಕಿಂಡಿಯಿಂದ. ಐದು ಜನ ಮುತ್ತೈದೆಯರು ಕೂಸನ್ನು ತೊಟ್ಟಿಲ ಕೆಳಗಿನಿಂದ ಕೊಟ್ಟು ಮೇಲಿನಿಂದ ಇಸಕೊಂಡು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಆ ಐವರಲ್ಲಿ ಅವಳನ್ನು ಕರೆದಿರಲಿಲ್ಲ. ಕರೆಯುತ್ತಾರೆಂದು ಅವಳೂ ಕಾದಿರಲಿಲ್ಲ. ಕೈಗೆ ಕ್ಯಾಮೆರಾ ಇತ್ತಲ್ಲ, ಅದೇ ದೊಡ್ಡ ಆಸರೆ. ನಿರೀಕ್ಷಾಳ ಗಂಡನ ಅಕ್ಕ ಕಿವಿಯಲ್ಲಿ “ಕೌಶಲ್” ಎಂದು ಮೂರು ಸಲ ಉಸುರಿದಳು. ಸುವರ್ಣಾ ಕ್ಲಿಕ್ಕಿಸಿ ಹಿಂದಿನ ಪರದೆ ನೋಡಿದಳು. ಅತ್ತೆಯ ಮುಖ ಸರಿ, ನಿರೀಕ್ಷಾಳ ಹಸಿರು ಇಳಕಲ್ ಸೀರೆ ಸರಿ. ಕೂಸು ಮಾತ್ರ ಹಳದಿ.

ತನ್ನದೇ ತಪ್ಪಿರಬೇಕು ಎಂದುಕೊಂಡಳು. ಜೆಲ್ ಸಡಿಲಾಯಿತೇನೋ ಎಂದು ಬಿಗಿದಳು. ಕೂಸಿನ ತಲೆಯ ಮೇಲೆ ಹತ್ತಿ ಬಟ್ಟೆಯ ಪುಟ್ಟ ಟೋಪಿ, ಬಿಳಿ ಕುಲಾವಿ ಇತ್ತು. ಅದನ್ನೇ ತೋರಿಸಿ ‘ಇದು ಬಿಳಿ’ ಎಂದು ಕ್ಯಾಮೆರಾಕ್ಕೆ ಮತ್ತೊಮ್ಮೆ ಹೇಳಿಕೊಟ್ಟು ತೆಗೆದಳು. ಈ ಸಲ ಕುಲಾವಿ ಅಪ್ಪಟ ಬಿಳಿ ಬಂತು. ಅದರ ಅಂಚಿಗೆ ತಾಗಿಕೊಂಡಿದ್ದ ಹಣೆ ಹಳದಿಯಾಗೇ ಉಳಿಯಿತು.

ಗಂಡನನ್ನು ಕಂಬದ ಮರೆಗೆ ಕರೆದು ತೋರಿಸಿದಳು. “ನೋಡ್ರಿ, ಕುಲಾವಿ ಬೆಳ್ಳಗೈತಿ, ಕೂಸಿನ ಮಾರಿ ನೋಡ್ರಿ.”

“ಚೆಂಡುಹೂವಿನ ಬಣ್ಣ ಬಿದ್ದೈತಿ, ತಗೋ,” ಎಂದ ವಿಜಯಕುಮಾರ.

“ಹೂವಿನ ಬಣ್ಣ ಕುಲಾವಿ ಮ್ಯಾಲ ಯಾಕ ಬಿದ್ದಿಲ್ರಿ?”

“ದಿನಾ ಅರಿಷಿಣ ಎಣ್ಣಿ ಹಚ್ಚಿ ಎರೀತಾರ, ಹಳದಿ ಇರದ ಏನಿರತೈತಿ? ಸುಮ್ನ ಫೋಟೋ ತಗಿ. ಅವ್ವನ ಮುಂದ ಈ ಮಾತು ಎತ್ತಿಗಿತ್ತಿ, ಮನಿಯೊಳಗ ಬೆಂಕಿ ಬೀಳತೈತಿ.”

ಅವನು ಕೆಟ್ಟವನಲ್ಲ. ಬೆಂಕಿ ಬೀಳುವುದು ಯಾರ ಮೇಲೆ ಎಂದು ಅವನಿಗೂ ಗೊತ್ತಿತ್ತು, ಆ ಹೊತ್ತಿಗೆ ತನ್ನ ಹೆಂಡತಿಯನ್ನು ಕಾಪಾಡುತ್ತಿದ್ದೇನೆ ಎಂದೇ ಅವನ ಲೆಕ್ಕ. ಸುವರ್ಣಾ ಹಿಂತಿರುಗಿ ಬಂದವಳು ಮನಸ್ಸು ತಡೆಯದೆ ಜೆಲ್ ಬಿಚ್ಚಿ ಜೇಬಿಗಿಟ್ಟುಕೊಂಡಳು. ಕ್ಯಾಮೆರಾವನ್ನು ಹಗಲಿನ ಬೆಳಕಿಗೆ ಹೊಂದಿಸಿ, ಹತ್ತಿರ ಹೋಗಿ ಬಿಳಿ ಫ್ಲಾಶಿನಲ್ಲೇ ಒಂದು ತೆಗೆದಳು. ಆ ಬೆಳಕಿನ ಮುಂದೆ ಹಾಲ್‌ನ ಹಳದಿಯ ಆಟ ನಡೆಯುವುದಿಲ್ಲ. ಕೂಸು ಕಣ್ಣು ಬಿಟ್ಟಿತ್ತು. ಪರದೆ ಹಿಗ್ಗಿಸಿ ನೋಡಿದರೆ ಕಣ್ಣ ಬಿಳಿಯೂ ಹಳದಿ. ಅರಿಷಿಣವನ್ನು ಯಾರೂ ಕಣ್ಣೊಳಗೆ ಹಚ್ಚುವುದಿಲ್ಲವಲ್ಲ.

“ಏ ಸುವರ್ಣಾ! ಕೂಸಿನ ಕಣ್ಣಾಗ ಫ್ಲಾಶ್ ಹೊಡೀತೀಯಾ? ದೂರ ಸರಿ!” ಪಾರ್ವತಿಬಾಯಿ ಸೆರಗಿನಿಂದ ಕೂಸಿನ ಮುಖ ಮುಚ್ಚಿದಳು. ಬೀಗರೆಲ್ಲ ತಿರುಗಿ ನೋಡಿದರು. ಹೇಳುವುದಾದರೆ ಅದೇ ಗಳಿಗೆ. ಸುವರ್ಣಾ ತಲೆ ತಗ್ಗಿಸಿ ಜೆಲ್ ಮತ್ತೆ ಕಟ್ಟಿದಳು.

ಮರುದಿನ ಮಧ್ಯಾಹ್ನ ಸ್ಟುಡಿಯೋದಲ್ಲಿ ಗಂಡ ಅವಳ ಹಿಂದೆ ನಿಂತು ಕಂಪ್ಯೂಟರ್ ನೋಡಿದ. “ಕೂಸಿನ ಮಾರಿ ಅಷ್ಟ ತಿದ್ದು. ಬೀಗರು ಫೋಟೋ ಕೇಳಾಕತ್ತಾರ.” ಆ ಕೆಲಸ ಎಷ್ಟು ಸುಲಭ ಎನ್ನುವುದೇ ನಾಚಿಕೆಯ ಸಂಗತಿ. ಮುಖದ ಸುತ್ತ ಒಂದು ಗೆರೆ ಎಳೆದು, ಹಳದಿಯನ್ನು ಒಂದಿಷ್ಟು ಇಳಿಸಿ, ಕೆಂಪನ್ನು ಒಂದಿಷ್ಟು ಏರಿಸಿ, ಕಣ್ಣಿಗೆ ಬಿಳಿ ಕೊಟ್ಟರೆ ಮುಗಿಯಿತು. ಐದು ನಿಮಿಷದಲ್ಲಿ ಕೂಸು ಗುಲಾಬಿಯಾಯಿತು. ಸುವರ್ಣಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಹುಟ್ಟಿದ ಮಕ್ಕಳಿಗೆ ಸ್ವಲ್ಪ ಹಳದಿ ಇರುವುದು ಮಾಮೂಲು, ತಾಯಿ ಇದ್ದಾಳೆ, ಅಜ್ಜಿ ಇದ್ದಾಳೆ, ಹೆರದವಳಿಗೆ ಯಾಕೆ ಈ ಉಸಾಬರಿ?

ಮನೆಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಿದ್ದದ್ದೇ ತಡ, ಹೊಗಳಿಕೆಯ ಸುರಿಮಳೆ. ಸಂಜೆ ಪಾರ್ವತಿಬಾಯಿ ಅಡುಗೆಮನೆಗೆ ಬಂದು, ಸೊಸೆಯ ಭುಜದ ಮೇಲೆ ಕೈಯಿಟ್ಟಳು. “ನಮ್ಮ ಕೌಶಲ್ ರಾಜಕುಮಾರ ಆಗ್ಯಾನ ನೋಡು. ನಿನ್ನ ಕೈಯಾಗ ಏನೋ ಐತಿ ಸುವರ್ಣಾ.” ಏಳು ವರ್ಷಗಳಲ್ಲಿ ಅತ್ತೆ ಹೊಗಳಿದ್ದು ಇದೇ ಮೊದಲು. ಆ ಕೈ ಭುಜದ ಮೇಲಿದ್ದಷ್ಟು ಹೊತ್ತು ಸುವರ್ಣಾಳಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು. ಕೈ ತೆಗೆದ ಮೇಲೆ ಆ ಹಳದಿ ಹಣೆ ಮತ್ತೆ ನೆನಪಾಯಿತು. ದೊಡ್ಡ ಚೌಕಟ್ಟು ಹಾಕಿಸಿದ ಆ ಗುಲಾಬಿ ಮುಖ ಎರಡೇ ದಿನದಲ್ಲಿ ನಡುಮನೆಯ ಗೋಡೆಗೆ ಬಂತು. ಕಸ ಗುಡಿಸುವಾಗ, ನೀರು ತುಂಬುವಾಗ, ದೇವರಿಗೆ ದೀಪ ಹಚ್ಚುವಾಗ ಅದು ಅವಳನ್ನೇ ನೋಡುತ್ತಿತ್ತು.

ಹೆಸರಿಟ್ಟ ಐದನೆಯ ದಿನ ಬೆಳಿಗ್ಗೆ ಸುವರ್ಣಾ ತಾಟು ಇಡಲು ಬಾಗಿಲ ಬಳಿ ಬಗ್ಗಿದಳು. ಒಳಗಿನಿಂದ ನಿರೀಕ್ಷಾ ಪಿಸುಗುಟ್ಟಿದಳು.

“ವೈನಿ, ಒಂದ್ ಮಾತು. ಕೂಸಿನ ಕಕ್ಕ ಬೆಳ್ಳಗ ಹೊಂಟೈತ್ರಿ, ಸುಣ್ಣದಂಗ. ಉಚ್ಚಿ ನೋಡಿದ್ರ ಲಂಗೋಟಿ ಹಳದಿ ಆಗತೈತಿ. ಅವ್ವ ಏನೂ ಆಗಿಲ್ಲ ಅಂತಾಳ.”

ಸುವರ್ಣಾ ತಾಟು ಹಿಡಿದೇ ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತಳು. “ಡಾಕ್ಟರ್‌ಗೆ ಫೋನ್ ಮಾಡಬೇಕಿತ್ತವಾ.”

“ನಿನ್ನೆ ಮಾಡಿದ್ನ್ರಿ. ಮೈಬಣ್ಣ ಹೆಂಗೈತಿ, ಹಳದಿ ಏನರ ಐತೇನು, ಫೋಟೋ ಕಳಸ್ರಿ ಅಂದ್ರು. ಈ ಕೋಣ್ಯಾಗ ಮೊಬೈಲ್‌ನಾಗ ತಗದ್ರ ಬರೇ ಹಳದೀನ ಬರತೈತಿ, ಗೋಡಿನೂ ಹಳದಿ, ನಾನೂ ಹಳದಿ. ಅದಕ್ಕ ನೀವು ತಗದಿದ್ದು ಕಳಿಸಿದ್ನಿ. ಅದರಾಗ ಬಣ್ಣ ಖರೇ ಇರತೈತಲ್ರಿ? ಡಾಕ್ಟರು ನೋಡಿ, ಫೋಟೋದಾಗ ಛಲೋ ಕಾಣತಾನ, ಆದರೂ ಅನುಮಾನ ಇದ್ರ ಕರಕೊಂಡು ಬರ್ರಿ ಅಂದ್ರು. ಅವ್ವ ಮೊದಲಿನ ಅರ್ಧಾ ಕೇಳಿ ಫೋನ್ ಇಟ್ಟಳು.”

ಸುವರ್ಣಾ ತಾಟನ್ನು ನೆಲಕ್ಕಿಟ್ಟು ಅಡುಗೆಮನೆಗೆ ಹೋದಳು. ಕುಕ್ಕರ್ ಮೂರು ಸಲ ಕೂಗಿದರೂ ಒಲೆ ಆರಿಸಲಿಲ್ಲ. ಇಷ್ಟು ದಿನ ತಾನು ಸುಮ್ಮನಿದ್ದೇನೆ ಎಂದುಕೊಂಡಿದ್ದಳು. ಸುಮ್ಮನೆಲ್ಲಿದ್ದಳು? ಅವಳ ಫೋಟೋ ಹೋಗಿ ಡಾಕ್ಟರ ಮುಂದೆ ಸಾಕ್ಷಿ ಹೇಳಿ ಬಂದಿತ್ತು. ಬಣ್ಣದ ವಿಷಯದಲ್ಲಿ ವೈನಿಯನ್ನು ನಂಬಬಹುದು ಎಂದು ನಿರೀಕ್ಷಾ ನಂಬಿದ್ದಳು, ಇಡೀ ಮನೆಯಲ್ಲಿ ಆ ಒಂದು ವಿಷಯದಲ್ಲಾದರೂ ಅವಳನ್ನು ನಂಬುವವರಿದ್ದರು. ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು.

ಕೊಂಡಾಪುರದಲ್ಲಿ ಯಾವುದೋ ಕಂಪನಿಯ ಸಮಾರಂಭಕ್ಕೆ ಹೋಗಿದ್ದ ಗಂಡನಿಗೆ ಫೋನ್ ಮಾಡಿದಳು. ಹಿಂದೆ ಮೈಕಿನ ಗದ್ದಲ. “ನಾ ಬರೋ ತನಕಾ ಏನೂ ಮಾಡಬ್ಯಾಡ,” ಎಂದ. “ಯಾವಾಗ ಬರ್ತೀರಿ?” ಎಂದರೆ, “ಇನ್ನ ಎರಡು ದಿನಾ ಐತಿ ಇಲ್ಲಿ ಕೆಲಸ, ರಾತ್ರಿನೂ ಇಲ್ಲೇ ಉಳೀಬೇಕು. ಬಂದ್ ಮ್ಯಾಲ ಅವ್ವಗ ನಿಧಾನಕ್ಕ ಹೇಳೋಣ,” ಎಂದ. ಹೇಳಿದರೆ ಕಣ್ಣು ಹಾಕಿದವಳು. ಹೇಳದಿದ್ದರೆ ಏನು ಎಂಬುದಕ್ಕೆ ಆ ಮನೆಯಲ್ಲಿ ಇನ್ನೂ ಹೆಸರಿರಲಿಲ್ಲ, ಆದರೆ ಸುವರ್ಣಾಳಿಗೆ ಅದು ಗೊತ್ತಿತ್ತು. ಯಾವ ಕಡೆ ತಿರುಗಿದರೂ ಗೋಡೆ. ಅವಳು ಒಲೆ ಆರಿಸಿ, ಬೀರುವಿನಿಂದ ಕ್ಯಾಮೆರಾ ತೆಗೆದು, ಆ ದಿನ ಜೆಲ್ ಬಿಚ್ಚಿ ತೆಗೆದಿದ್ದ ಫೋಟೋ ಹುಡುಕಿಕೊಂಡು ಬಾಣಂತಿಕೋಣೆಯ ಹೊಸ್ತಿಲು ದಾಟಿದಳು.

ಮೂವತ್ತೆಂಟು ದಿನದ ಹೊಗೆ, ಎಣ್ಣೆ, ಬೆವರಿನ ವಾಸನೆ ಒಮ್ಮೆಲೇ ಮುಖಕ್ಕೆ ರಾಚಿತು. ಪಾರ್ವತಿಬಾಯಿ ಶೇಗಡಿಯ ಕೆಂಡಕ್ಕೆ ಲೋಬಾನ ಹಾಕುತ್ತಿದ್ದವಳು ತಟ್ಟನೆ ಎದ್ದಳು. “ಯಾಕ ಒಳಗ ಬಂದಿ?”

“ಅತ್ತಿ, ಕೂಸಿಗೆ ಕಾಮಣಿ ಆಗೈತ್ರಿ. ಕಣ್ಣೂ ಹಳದಿ ಅದಾವ.”

ಕಾಮಣಿ, ಅಂದರೆ ಕಾಮಾಲೆ. ಆ ಮಾತು ಕೇಳಿ ಪಾರ್ವತಿಬಾಯಿಯ ಮುಖ ಕೆಂಪಾಯಿತು. “ಬಿಡ್ತು ಅನ್ನು! ಡಾಕ್ಟರ್ ನೋಡಿ ಛಲೋ ಐತಿ ಅಂದಾರ.”

“ಡಾಕ್ಟರು ನೋಡಿದ್ದು ಕೂಸಲ್ರಿ, ನನ್ನ ಫೋಟೋ. ಅದನ್ನ ನಾನಽ ತಿದ್ದೀನಿ.”

ಸುವರ್ಣಾ ಕ್ಯಾಮೆರಾದ ಪರದೆಯನ್ನು ನಿರೀಕ್ಷಾಳ ಮುಂದೆ ಹಿಡಿದಳು. “ಇದು ತಿದ್ದಲಾರದ್ದು. ಕುಲಾವಿ ನೋಡು, ಬೆಳ್ಳಗೈತಿ. ಅದರ ಪಕ್ಕ ಹಣಿ ನೋಡು. ಅವತ್ತಽ ಗೊತ್ತಾಗಿತ್ತು ನನಗ. ಅಂಜಿ ಹೇಳಲಿಲ್ಲ. ತಪ್ಪಾತು ನಿರೀಕ್ಷಾ.”

“ಹೊಟ್ಟಿಕಿಚ್ಚು!” ಪಾರ್ವತಿಬಾಯಿ ಕೂಗಿದಳು. “ತನಗಿಲ್ಲ ಅಂತ ಮಂದಿ ಕೂಸಿಗೆ ಇಲ್ಲದ ಬ್ಯಾನಿ ಹಚ್ಚಾಕತ್ತಾಳ! ಹೊರಗ ನಡಿ ಮೊದಲ!”

ಸುವರ್ಣಾ ಹೋಗಲಿಲ್ಲ. ನಿರೀಕ್ಷಾ ಪರದೆಯನ್ನೂ ಮಡಿಲಲ್ಲಿದ್ದ ಕೂಸನ್ನೂ ಎರಡು ಮೂರು ಸಲ ನೋಡಿದಳು. ಆ ಬಲ್ಬಿನ ಕೆಳಗೆ ಏನು ಗೊತ್ತಾಗಬೇಕು? ಅವಳು ಕೂಸನ್ನು ಎದೆಗವಚಿಕೊಂಡು ಮಂಚದಿಂದ ಇಳಿದು, ಕಿಟಕಿಗೆ ಕಟ್ಟಿದ್ದ ಸೀರೆಯನ್ನು ಒಂದೇ ಕೈಯಲ್ಲಿ ಎಳೆದಳು. “ಗಾಳಿ ತಾಗತೈತಿ!” ಎಂದು ತಾಯಿ ಓಡಿ ಬರುವಷ್ಟರಲ್ಲಿ ಪೇಪರ್ ಪರ್ರನೆ ಹರಿದಿತ್ತು. ಬೆಳಗಿನ ಬಿಸಿಲು ಕೂಸಿನ ಮುಖದ ಮೇಲೆ ಬಿತ್ತು. ಕುಲಾವಿ ಬೆಳ್ಳಗಿತ್ತು. ಹಿಡಿದ ಅಮ್ಮನ ಕೈ ಅಮ್ಮನ ಕೈಯ ಬಣ್ಣದ್ದೇ ಇತ್ತು. ಮುಖ, ಕಿವಿ, ಮುಷ್ಟಿ ಕಟ್ಟಿದ ಪುಟ್ಟ ಬೆರಳುಗಳು, ಎಲ್ಲವೂ ಹಳದಿ.

ಪಾರ್ವತಿಬಾಯಿಯೂ ನೋಡಿದಳು. ಹರಿದ ಪೇಪರನ್ನು ಮತ್ತೆ ಅಂಟಿಸುವವಳಂತೆ ಕಿಟಕಿಗೆ ಒತ್ತಿ ಹಿಡಿದಳು.

“ವೈನಿ, ಹಿಡೀರಿ,” ಎಂದಳು ನಿರೀಕ್ಷಾ. “ನಾ ಚಪ್ಪಲಿ ಹಾಕೋತೀನಿ.”

ಇನ್ನೂರು ಫೋಟೋ ತೆಗೆದವಳು ಅವನನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಇಷ್ಟು ಹಗುರ ಇರುತ್ತದೆ ಎಂದು ಯಾವ ಫೋಟೋದಲ್ಲೂ ಗೊತ್ತಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಸನ್ನು ಕಿಟಕಿಯ ಹತ್ತಿರ ಒಯ್ದು, ಕಣ್ಣಿನ ರೆಪ್ಪೆ ಬಿಡಿಸಿ, ಹೊಟ್ಟೆ ಒತ್ತಿ ನೋಡಿದರು. ಎಷ್ಟು ದಿನದ ಕೂಸು ಎಂದು ತೆಲುಗಿನಲ್ಲಿ ಕೇಳಿದರು. ರಕ್ತ ಪರೀಕ್ಷೆ, ಸ್ಕ್ಯಾನ್ ಆಗುವ ಹೊತ್ತಿಗೆ ಮಧ್ಯಾಹ್ನವಾಯಿತು. ಪಿತ್ತ ಇಳಿಯುವ ನಾಳ ಕಟ್ಟಿಕೊಂಡಿರುವ ಹಾಗಿದೆ, ಇನ್ನೂ ಒಂದೆರಡು ಪರೀಕ್ಷೆ ಬೇಕು, ಹೌದಾದರೆ ಆಪರೇಷನ್ ಮಾಡಬೇಕಾಗುತ್ತದೆ ಎಂದರು. ಎರಡು ತಿಂಗಳು ತುಂಬುವುದರೊಳಗೆ ಮಾಡಿದರೆ ಒಳ್ಳೆಯದು, ಸಮಯ ಮೀರಿಲ್ಲ, ಇವತ್ತೇ ತಂದದ್ದು ಪುಣ್ಯ ಎಂದರು. ನಿರೀಕ್ಷಾ ಗೋಡೆಗೆ ಒರಗಿ ಅತ್ತಳು. ಆಮೇಲೆ ಮುಖ ಒರೆಸಿಕೊಂಡು, ದಾಖಲಾತಿ ಕಾಗದಕ್ಕೆ ಸಹಿ ಮಾಡಲು ಹೋದಳು. ಕೂಸು ಸುವರ್ಣಾಳ ಮಡಿಲಲ್ಲಿತ್ತು.

ಆಗ ಫೋನ್ ಬಂತು. ಅತ್ತೆ. ಸುವರ್ಣಾ ಒಂದೇ ಕೈಯಲ್ಲಿ ಎತ್ತಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಆ ಕಡೆ ಅಳು. ಅಳುವಿನ ನಡುವೆ ಆ ಮಾತು ಬಂದೇ ಬಂತು.

“ನೀನಽ. ಅವತ್ತ ಅಷ್ಟ್ ಸನೇಕ ಹೋಗಿ ನೋಡಿದಿ. ನಿನ್ನ ಕಣ್ಣಽ ಬಿತ್ತು ನನ್ನ ಮೊಮ್ಮಗನ ಮ್ಯಾಲ.”

ಎರಡು ವರ್ಷದಿಂದ ಅವಳು ಹೆದರಿದ್ದು ಈ ಮಾತಿಗೇ. ಇದು ಬರಬಾರದೆಂದೇ ಫೋಟೋ ತಿದ್ದಿದ್ದಳು. ನಾಳೆ ಗದಿಗೆಮ್ಮನಿಗೆ ಗೊತ್ತಾಗುತ್ತದೆ, ಬೀಗರಿಗೆ ಗೊತ್ತಾಗುತ್ತದೆ. ಕೂಸು ಗುಣವಾದರೂ ಈ ಹೆಸರು ಅವಳನ್ನು ಬಿಡುವುದಿಲ್ಲ. ಆ ಮನೆಗೇ ಅವಳು ಮತ್ತೆ ಹೋಗಬೇಕು, ಅದೇ ಗೋಡೆ, ಅದೇ ಅಡುಗೆಮನೆ. ಸುವರ್ಣಾಳ ಕಣ್ಣು ತುಂಬಿ ಬಂತು.

“ಹೌದ್ರಿ ಅತ್ತಿ,” ಎಂದಳು. “ನಾನಽ ನೋಡೇನಿ.”

ಫೋನ್ ಪಕ್ಕಕ್ಕಿಟ್ಟು, ಜಾರಿದ್ದ ಕುಲಾವಿಯನ್ನು ಕೂಸಿನ ಕಿವಿ ಮುಚ್ಚುವಂತೆ ಎಳೆದಳು. ನಿರೀಕ್ಷಾ ಕಾಗದ ಹಿಡಿದು ಬರುವವರೆಗೂ ಅವನನ್ನು ಮಡಿಲಿನಿಂದ ಇಳಿಸಲಿಲ್ಲ.